ಸಾಂಕ್ರಾಮಿಕ ಬಂದಾಗ ರೈಲು ಸಂಚಾರ: ಮೊದಲು ಕೈಕೊಡುವುದು ಯಾವುದು?

ಹಸಿರುನಿಶಾನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಯಾಣಿಕರ ರೈಲು, ಗೂಡ್ಸ್ ಎರಡೂ ಓಡುವ ಮಧ್ಯಮ ಗಾತ್ರದ ಒಂದು ರೈಲು ವಿಭಾಗಕ್ಕೆ ಸಾಂಕ್ರಾಮಿಕ ಕಾಲದ ತುರ್ತು ಯೋಜನೆ ಬರೆಯಬೇಕಾಗಿದೆ. ಕೈಯಲ್ಲಿರುವ ಹಳೆಯ ದಾಖಲೆಯಲ್ಲಿ ಮಾಸ್ಕ್, ಸ್ಯಾನಿಟೈಸರ್, ಗೋಡೆಗೆ ಅಂಟಿಸುವ ಸೂಚನೆಗಳು ಪುಟಗಟ್ಟಲೆ ಇವೆ. ಸಂಚಾರದ ಬಗ್ಗೆ ಇರುವುದು ಒಂದೇ ಸಾಲು: ‘ಶೇ 30ರಷ್ಟು ಸಿಬ್ಬಂದಿ ಗೈರಾದರೆ ಶೇ 70ರಷ್ಟು ರೈಲುಗಳನ್ನು ಓಡಿಸುವುದು.’ ಈ ಲೆಕ್ಕ ನಿಲ್ಲುತ್ತದೆಯೇ?

ಸಿಬ್ಬಂದಿ ಕಡಿಮೆಯಾಗುತ್ತ ಹೋದಾಗ ಮೊದಲು ಕುಸಿಯುವ ಕೆಲಸ ಯಾವುದು, ರೈಲುಗಳನ್ನು ಯಾವ ಕ್ರಮದಲ್ಲಿ ಕಡಿತ ಮಾಡಬೇಕು? ಕ್ಯಾಬ್ (ಎಂಜಿನ್ ಚಾಲಕರ ಕೋಣೆ), ಲಾಬಿ (ಸಿಬ್ಬಂದಿ ಕೆಲಸಕ್ಕೆ ಹಾಜರಿ ಹಾಕುವ ಕಚೇರಿ), ರನ್ನಿಂಗ್ ರೂಮುಗಳಲ್ಲಿ (ಪರವೂರಿನಲ್ಲಿ ಸಿಬ್ಬಂದಿ ತಂಗುವ ಕೋಣೆಗಳು) ಏನೇನು ಬದಲಾಗಬೇಕು? ವಾರಗಟ್ಟಲೆ ನಿಂತ ರೇಕಿಗೆ (ಜೋಡಿಸಿದ ಬೋಗಿಗಳ ಸಾಲು), ಓಡಾಟವಿಲ್ಲದ ಹಳಿಗೆ ಏನಾಗುತ್ತದೆ? ಬೋಗಿ ಶುಚಿಗೆ ಯಾವ ದ್ರಾವಣ, ಎಷ್ಟು ಪ್ರಮಾಣ? 2020ರಿಂದ 2022ರವರೆಗೆ ಬೇರೆ ಬೇರೆ ಕಡೆ ನಡೆದದ್ದರ ಆಧಾರವಿದ್ದರೆ ಮೇಲಿನವರಿಗೆ ಒಪ್ಪಿಸುವುದು ಸುಲಭವಾಗುತ್ತದೆ.

ಕಂಟ್ರೋಲ್‌ಬೋರ್ಡ್ ಉತ್ತರ:

ಆ ಒಂದು ಸಾಲನ್ನು ಮೊದಲು ಹೊಡೆದುಹಾಕಿ. ಶೇ 30ರಷ್ಟು ಗೈರುಹಾಜರಿ ಎಲ್ಲ ಹುದ್ದೆಗಳಿಗೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ರೈಲ್ವೆಯಲ್ಲಿ ಪ್ರತಿ ಸುರಕ್ಷತಾ ಹುದ್ದೆಗೂ ಬೇರೆಯೇ ಅರ್ಹತಾ ಪತ್ರ ಇದೆ. ಅದೂ ಆಯಾ ಪ್ಯಾನೆಲ್‌ಗೆ (ನಿಲ್ದಾಣದ ಸಿಗ್ನಲ್, ಹಳಿ ಬದಲಾವಣೆ ನಡೆಸುವ ಫಲಕ), ಆಯಾ ಸೆಕ್ಷನ್‌ಗೆ (ಮಾರ್ಗದ ಒಂದು ಭಾಗ) ಮಾತ್ರ. ಒಂದು ದೊಡ್ಡ ಜಂಕ್ಷನ್ನಿನ ಪ್ಯಾನೆಲ್ ಬಲ್ಲವರು ಆರು ಜನ ಇದ್ದು, ಅವರಲ್ಲಿ ನಾಲ್ವರು ಹಾಸಿಗೆ ಹಿಡಿದರೆ, ಇಡೀ ವಿಭಾಗದ ಉಳಿದವರೆಲ್ಲ ಗಟ್ಟಿಮುಟ್ಟಾಗಿದ್ದರೂ ಆ ಜಂಕ್ಷನ್ ಮೇಲೆ ಹಾದುಹೋಗುವ ರೈಲುಗಳೆಲ್ಲ ನಿಲ್ಲುತ್ತವೆ. ಅಂದರೆ ಶೇ 2ರಷ್ಟು ಗೈರಿಗೇ ಸಂಚಾರ ಅರ್ಧಕ್ಕೆ ಇಳಿಯಬಹುದು.

ಒಂದು ಮಾರ್ಗದ ರೈಲುಗಳನ್ನೆಲ್ಲ ಕಚೇರಿಯಿಂದ ನಿರ್ದೇಶಿಸುವ ಸೆಕ್ಷನ್ ಕಂಟ್ರೋಲರ್ ಕುರ್ಚಿಯ ಲೆಕ್ಕ ನೋಡಿ. ವಾರಕ್ಕೆ 168 ಗಂಟೆ. ಒಬ್ಬರಿಗೆ 42 ಗಂಟೆ ಹಿಡಿದರೂ ಒಂದು ಬೋರ್ಡಿಗೆ (ಕಂಟ್ರೋಲರ್ ಮೇಜು) ನಾಲ್ವರು ಬೇಕೇ ಬೇಕು, ರಜೆ ಮತ್ತು ತರಬೇತಿ ಸೇರಿಸಿದರೆ ಐವರು. ಆ ಐವರಲ್ಲಿ ಒಬ್ಬರಿಗೆ ಸೋಂಕು ಬಂತು, ಅವರ ಪಕ್ಕ ನಿಂತು ಚಾರ್ಜ್ ತೆಗೆದುಕೊಂಡವರನ್ನೂ ಮನೆಗೆ ಕಳಿಸಬೇಕಾಯಿತು ಅಂದುಕೊಳ್ಳಿ. ಉಳಿದ ಮೂವರ ಪಾಲಿಗೆ ವಾರಕ್ಕೆ ತಲಾ 56 ಗಂಟೆ ಬೀಳುತ್ತದೆ. ಒಂದು ವಾರ ಹೇಗೋ ತಳ್ಳಬಹುದು. ಎರಡನೇ ವಾರ ರಾತ್ರಿಪಾಳಿಯ ಮೂರನೇ ಜಾವದಲ್ಲಿ ಕ್ರಾಸಿಂಗ್ (ಎದುರುಬದುರು ರೈಲುಗಳು ಒಂದನ್ನೊಂದು ದಾಟುವ ಜಾಗ) ತಪ್ಪಾಗಿ ಕೊಡುವ ಸಂಭವ ಶುರುವಾಗುತ್ತದೆ. ರೋಗಕ್ಕಿಂತ ಈ ದಣಿವಿಗೇ ಹೆಚ್ಚು ಹೆದರಬೇಕು.

ಹಾಗಾಗಿ ಯೋಜನೆಯ ಮೊದಲ ಪುಟ ಒಂದು ಕೋಷ್ಟಕವಾಗಿರಲಿ. ಹುದ್ದೆ, ಸ್ಥಳ, ಈ ಹೊತ್ತಿಗೆ ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿರುವವರ ಸಂಖ್ಯೆ, ದಿನದ 24 ಗಂಟೆ ನಡೆಸಲು ಬೇಕಾದ ಕನಿಷ್ಠ ಸಂಖ್ಯೆ, ಇವೆರಡರ ವ್ಯತ್ಯಾಸ. ವ್ಯತ್ಯಾಸ ಎರಡಕ್ಕಿಂತ ಕಡಿಮೆ ಇರುವ ಸಾಲುಗಳನ್ನೆಲ್ಲ ಮೇಲಕ್ಕೆ ತನ್ನಿ. ಸಾಮಾನ್ಯವಾಗಿ ಅಲ್ಲಿ ಸಿಗುವವರು ಸೆಕ್ಷನ್ ಕಂಟ್ರೋಲರ್, ಟ್ರ್ಯಾಕ್ಷನ್ ಪವರ್ ಕಂಟ್ರೋಲರ್ (ರೈಲಿನ ವಿದ್ಯುತ್ ಪೂರೈಕೆ ನೋಡುವವರು), ದೊಡ್ಡ ಪ್ಯಾನೆಲ್‌ಗಳ ಸ್ಟೇಷನ್ ಮಾಸ್ಟರ್, ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ (ಸಿಗ್ನಲ್, ಹಳಿ ಒಂದಕ್ಕೊಂದು ವಿರುದ್ಧವಾಗದಂತೆ ತಡೆಯುವ ವ್ಯವಸ್ಥೆ) ರಿಪೇರಿ ಬಲ್ಲ ಸಿಗ್ನಲ್ ಸಿಬ್ಬಂದಿ, ಅಪಘಾತ ಪರಿಹಾರ ಕ್ರೇನಿನ ಆಪರೇಟರ್. ಬಡ್ತಿ ಪಡೆದು ಕಚೇರಿಗೆ ಹೋದ ಇನ್‌ಸ್ಪೆಕ್ಟರ್‌ಗಳಲ್ಲಿ ಈ ಕೆಲಸ ಹಿಂದೆ ಮಾಡಿದವರು ಇದ್ದೇ ಇರುತ್ತಾರೆ. ಅವರ ಅರ್ಹತಾ ಪತ್ರವನ್ನು ಶಾಂತಿಕಾಲದಲ್ಲೇ ಜೀವಂತ ಇಟ್ಟುಕೊಳ್ಳಬೇಕು. ರೋಗ ಬಂದ ಮೇಲೆ ಪರೀಕ್ಷೆ ಮಾಡುವವರೂ ಸಿಗುವುದಿಲ್ಲ.

ಕಂಟ್ರೋಲ್ ಕಚೇರಿಯನ್ನು ಎರಡು ಕಟ್ಟಡಗಳಿಗೆ ಹಂಚುವುದಾದರೆ ಮೊದಲ ದಿನವೇ ಹಂಚಿ. ‘ಯಾರಿಗಾದರೂ ಬಂದರೆ ಬದಲಿ ಕಂಟ್ರೋಲ್‌ಗೆ ಹೋಗೋಣ’ ಅಂದರೆ ಹೋಗುವಷ್ಟರಲ್ಲಿ ಎಲ್ಲರೂ ಸಂಪರ್ಕಿತರೇ. ಪಾಳಿಯ ಗುಂಪುಗಳನ್ನು ಕಲಸಬೇಡಿ. ‘ಎ’ ಗುಂಪಿನವರು ‘ಬಿ’ ಗುಂಪಿನವರ ಮುಖ ನೋಡದ ಹಾಗೆ ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಬೇರೆ ಮಾಡಿ. ಚಾರ್ಜ್ ಒಪ್ಪಿಸುವುದು ರಿಜಿಸ್ಟರ್‌ನಲ್ಲಿ ಬರೆದು, ರೆಕಾರ್ಡ್ ಆಗುವ ಫೋನಿನಲ್ಲಿ ಓದಿ ಹೇಳಿ. ಹೆಡ್‌ಸೆಟ್ ಪ್ರತಿಯೊಬ್ಬರಿಗೂ ಸ್ವಂತದ್ದು ಇರಲಿ.

ಇನ್ನು ಕಡಿತದ ಕ್ರಮ. ಇದರಲ್ಲಿ ಒಂದೇ ದೊಡ್ಡ ನಿಯಮ: ರೈಲನ್ನು ಒಂಟಿಯಾಗಿ ರದ್ದು ಮಾಡಬೇಡಿ, ಲಿಂಕನ್ನೇ (ಒಂದೇ ರೇಕು, ಒಂದೇ ಸಿಬ್ಬಂದಿ ಸರದಿಯಾಗಿ ನಡೆಸುವ ರೈಲುಗಳ ಸರಣಿ) ತೆಗೆಯಿರಿ. ಬೆಳಿಗ್ಗೆ ಹೋದ ರೇಕು ಮಧ್ಯಾಹ್ನ ಇನ್ನೊಂದು ನಂಬರಿನಲ್ಲಿ ವಾಪಸ್ ಬರುತ್ತದೆ, ಅದರ ಸಿಬ್ಬಂದಿ ಸಂಜೆ ಮತ್ತೊಂದು ರೈಲನ್ನು ಹಿಡಿಯುತ್ತಾರೆ. ನಡುವಿನ ಒಂದನ್ನು ಕಿತ್ತರೆ ರೇಕು ಒಂದು ಊರಲ್ಲಿ, ಲೋಕೋ ಪೈಲಟ್ ಇನ್ನೊಂದು ಊರಲ್ಲಿ, ಊಟ ನಿದ್ದೆಯ ವ್ಯವಸ್ಥೆ ಎಲ್ಲೂ ಇಲ್ಲ. ನ್ಯೂಯಾರ್ಕ್ ಸಬ್‌ವೇ 2021ರ ಡಿಸೆಂಬರ್ ಕೊನೆಯಲ್ಲಿ ಒಮಿಕ್ರಾನ್‌ನಿಂದ ಸಿಬ್ಬಂದಿ ಕೊರತೆ ಬಿದ್ದಾಗ ಬಿ, ಡಬ್ಲ್ಯು ಮತ್ತು ಝಡ್ ಮಾರ್ಗಗಳನ್ನೇ ಪೂರ್ತಿ ನಿಲ್ಲಿಸಿತು. ಆ ನಿಲ್ದಾಣಗಳಿಗೆ ಬೇರೆ ಮಾರ್ಗದ ರೈಲುಗಳು ಹೇಗೂ ಬರುತ್ತಿದ್ದವು, ಬಿಡುಗಡೆಯಾದ ಸಿಬ್ಬಂದಿಯನ್ನು ಅಲ್ಲಿಗೆ ಹಾಕಲು ಸಾಧ್ಯವಾಯಿತು. ಎಲ್ಲ ಮಾರ್ಗಗಳಲ್ಲೂ ಅಲ್ಲೊಂದು ಇಲ್ಲೊಂದು ರೈಲು ತಪ್ಪಿಸುವುದಕ್ಕಿಂತ ಇದು ಎಷ್ಟೋ ವಾಸಿ.

ವಿರುದ್ಧ ಉದಾಹರಣೆ ಲಂಡನ್. 2020ರ ಮಾರ್ಚ್‌ನಲ್ಲಿ ಅಂಡರ್‌ಗ್ರೌಂಡ್ ಸಂಚಾರ ತೀರಾ ಕಡಿಮೆಯಾದಾಗ ಕೆಲಸಕ್ಕೆ ಹೋಗಲೇಬೇಕಾದವರು ಬೆಳಗಿನ ಹೊತ್ತು ಒಂದೇ ರೈಲಿನಲ್ಲಿ ಒತ್ತೊತ್ತಾಗಿ ನಿಂತರು. ಆಸ್ಪತ್ರೆ, ಸ್ವಚ್ಛತೆ, ಸರಕು ಸಾಗಣೆಯ ಜನ ಓಡಾಡುವುದು ಬೆಳಗಿನ ಮೊದಲ ರೈಲು, ರಾತ್ರಿಯ ಕೊನೆಯ ರೈಲಿನಲ್ಲಿ. ಲಾಭ ನಷ್ಟದ ಪಟ್ಟಿಯಲ್ಲಿ ಇವು ಕೆಳಗಿರುವುದರಿಂದ ಮೊದಲು ಕತ್ತರಿ ಬೀಳುವುದು ಇವಕ್ಕೇ. ದಯವಿಟ್ಟು ಇವನ್ನು ಕಡೆಯವರೆಗೂ ಉಳಿಸಿ. ಬೋಗಿಗಳ ಸಂಖ್ಯೆಯನ್ನೂ ಇಳಿಸಬೇಡಿ. ಎಂಟು ಬೋಗಿ ಎಳೆದರೂ ಹದಿನಾರು ಎಳೆದರೂ ಲೋಕೋ ಪೈಲಟ್ ಒಬ್ಬರೇ.

ನಿರ್ಧಾರ ಮೂರು ದಿನ ಮುಂಚೆ ಆಗಬೇಕು. ಅದಕ್ಕಿಂತ ಕಡಿಮೆ ಅವಧಿಯಾದರೆ ಸಿಬ್ಬಂದಿಯ ವಿಶ್ರಾಂತಿ ಪಟ್ಟಿ ಕಲಸಿಹೋಗುತ್ತದೆ, ಟಿಕೆಟ್ ಹಣ ವಾಪಸಾತಿಯ ಸಾಲೂ ಕೌಂಟರಿನ ಮುಂದೆಯೇ ಬೆಳೆಯುತ್ತದೆ.

ಲಾಬಿಮೇಜು ಉತ್ತರ:

ರನ್ನಿಂಗ್ ಸಿಬ್ಬಂದಿಯ (ರೈಲು ಓಡಿಸುವವರು) ಕಡೆಯಿಂದ ಕೆಲವು ಮಾತು.

ಲಾಬಿಯಲ್ಲಿ ಸೈನ್ ಆನ್ ಮಾಡುವಾಗ ಎಲ್ಲರೂ ಮುಟ್ಟುವ ವಸ್ತುಗಳ ಪಟ್ಟಿ ಮಾಡಿ ನೋಡಿ: ಬಯೋಮೆಟ್ರಿಕ್ ಯಂತ್ರ, ಪೆನ್ನು, ರಿಜಿಸ್ಟರ್, ಕಾಷನ್ ಆರ್ಡರ್ ಕಾಗದ (ದಾರಿಯ ವೇಗಮಿತಿಯ ಲಿಖಿತ ಸೂಚನೆ), ವಾಕಿಟಾಕಿ, ಬ್ರೆತ್ ಅನಲೈಸರ್. 2020ರಲ್ಲಿ ಹಲವು ರೈಲ್ವೆಗಳು ಬಯೋಮೆಟ್ರಿಕ್ ಮತ್ತು ಊದುವ ಪರೀಕ್ಷೆಯನ್ನು ತಾತ್ಕಾಲಿಕವಾಗಿ ಕೈಬಿಟ್ಟವು. ಆದರೆ ಕುಡಿತದ ತಪಾಸಣೆಯನ್ನು ತಿಂಗಳುಗಟ್ಟಲೆ ಬಿಡುವುದು ಅಪಾಯ. ಬಿಸಾಡುವ ಮೌತ್‌ಪೀಸ್, ಗಾಳಿಯಾಡುವ ಬಯಲು ಜಾಗ, ಊದುವವರಿಂದ ಪರೀಕ್ಷಕರು ಪಕ್ಕಕ್ಕೆ ನಿಲ್ಲುವುದು, ಇಷ್ಟು ಮಾಡಿದರೆ ನಡೆಸಬಹುದು. ಒಂದು ಎಚ್ಚರಿಕೆ: ಕೈಗೆ ಆಲ್ಕೋಹಾಲ್ ಸ್ಯಾನಿಟೈಸರ್ ಹಚ್ಚಿಕೊಂಡ ಕೂಡಲೇ ಯಂತ್ರ ಹಿಡಿದು ಊದಿದರೆ ಆ ಆವಿಗೇ ಯಂತ್ರ ಪಾಸಿಟಿವ್ ತೋರಿಸುತ್ತದೆ. ಲಾಬಿ ಬಾಗಿಲಲ್ಲಿ ಸೋಪು ನೀರು ಇಡಿ. ಸ್ಯಾನಿಟೈಸರ್ ಬಾಟಲಿ ಪರೀಕ್ಷೆ ಮುಗಿದ ಮೇಲಿನ ಮೇಜಿನಲ್ಲಿರಲಿ. ಓವರ್‌ಹೆಡ್ ವಿದ್ಯುತ್ ಮಾರ್ಗ, ಬ್ಯಾಟರಿ, ಸ್ವಿಚ್‌ಗಿಯರ್ ಕೆಲಸದವರು ಕೈ ಪೂರ್ತಿ ಒಣಗುವವರೆಗೆ ಏನನ್ನೂ ಮುಟ್ಟಬಾರದು, ಅದು ಉರಿಯುವ ದ್ರವ.

ಕ್ಯಾಬ್ ಬದಲಾವಣೆ. ಬ್ರೇಕ್ ಹ್ಯಾಂಡಲ್, ರಿವರ್ಸರ್, ಹಾರ್ನ್, ವಿಜಿಲೆನ್ಸ್ ಬಟನ್, ಬಾಗಿಲ ಹಿಡಿ, ಕಿಟಕಿಯ ಲಾಚ್, ಇವನ್ನು ಇಳಿಯುವವರು ಒರೆಸಿ ಇಳಿಯಬೇಕು, ಹತ್ತುವವರು ಮತ್ತೊಮ್ಮೆ ಒರೆಸಬೇಕು. ಇಬ್ಬರಿಗೂ ಸೇರಿ ಐದು ನಿಮಿಷ. ಈ ಐದು ನಿಮಿಷವನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. ಬರೆಯದಿದ್ದರೆ ತಡವಾದ ರೈಲಿನಲ್ಲಿ ಯಾರೂ ಮಾಡುವುದಿಲ್ಲ, ಹಾಗೆ ಬಿಟ್ಟವರನ್ನು ದೂರುವುದೂ ನ್ಯಾಯವಲ್ಲ.

ಮಾಸ್ಕ್ ಹಾಕಿದಾಗ ಕನ್ನಡಕದ ಮೇಲೆ ಮಂಜು ಕೂರುವುದನ್ನು ಕಚೇರಿಯಲ್ಲಿ ಕುಳಿತವರು ಸಣ್ಣ ವಿಷಯ ಅಂದುಕೊಳ್ಳುತ್ತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳಲು ನಾಲ್ಕು ಸೆಕೆಂಡ್ ಹಿಡಿದರೆ 110 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಮೂಗಿನ ಮೇಲೆ ಬಾಗುವ ತಂತಿ ಇರುವ ಮಾಸ್ಕ್ ಕೊಡಿ, ಅಂಚಿಗೆ ಚರ್ಮದ ಟೇಪು ಕೊಡಿ. ಒಬ್ಬರೇ ಇರುವ ಕ್ಯಾಬ್‌ನಲ್ಲಿ ಮಾಸ್ಕ್ ಕಡ್ಡಾಯ ಮಾಡಬೇಡಿ. ಇಬ್ಬರಿದ್ದಲ್ಲಿ ಎರಡೂ ಬದಿಯ ಕಿಟಕಿ ತೆರೆದಿಟ್ಟು ಓಡಿಸಿ, ಸಿಗ್ನಲ್ ಕೂಗಿ ಹೇಳುವಾಗ ಕೈಸನ್ನೆಯೂ ಇರಲಿ, ಮಾಸ್ಕಿನೊಳಗಿನ ಮಾತು ಎಂಜಿನ್ ಸದ್ದಿನಲ್ಲಿ ಕೇಳಿಸದು. ಇನ್‌ಸ್ಪೆಕ್ಟರ್, ತರಬೇತಿಯವರು ಅಂತ ಮೂರನೆಯವರನ್ನು ಕ್ಯಾಬಿಗೆ ಹತ್ತಿಸುವುದು ಬಂದ್.

ಈ ಕೊನೆಯ ಕ್ರಮಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನೂ ಯೋಜನೆಯಲ್ಲಿ ಬರೆಯಿರಿ. ತರಬೇತಿ ನಿಂತರೆ ಹೊಸ ಲೋಕೋ ಪೈಲಟ್‌ಗಳ ತಂಡ ಒಂದು ವರ್ಷ ತಡವಾಗಿ ಬರುತ್ತದೆ, ನಿವೃತ್ತಿ ಮಾತ್ರ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ರೋಗ ಇಳಿದ ಮೇಲೂ ಚಾಲಕರ ಕೊರತೆ ಕಾಡಿದ್ದಕ್ಕೆ ಈ ಬಾಕಿ ಉಳಿದ ತರಬೇತಿಯೂ ಒಂದು ಕಾರಣ. ಮಾರ್ಗಜ್ಞಾನದ ಗಡುವೂ ಹೀಗೆಯೇ. ಭಾರತೀಯ ರೈಲ್ವೆಯಲ್ಲಿ ಒಂದು ಸೆಕ್ಷನ್‌ನಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಓಡಿಸದಿದ್ದರೆ ಮತ್ತೆ ರೋಡ್ ಲರ್ನಿಂಗ್ ಟ್ರಿಪ್ ಮಾಡಿಯೇ ಸ್ವತಂತ್ರವಾಗಿ ಓಡಿಸಬೇಕು, ಬೇರೆ ದೇಶಗಳಲ್ಲೂ ಇಂಥ ಗಡುವು ಇದೆ. ಎಲ್ಲರ ಗಡುವೂ ಒಂದೇ ವಾರ ಮುಗಿದರೆ ಸಂಚಾರ ಪುನರಾರಂಭದ ದಿನ ಕಲಿಸುವವರೇ ಇರುವುದಿಲ್ಲ. ಓಡುತ್ತಿರುವ ಕೆಲವೇ ರೈಲುಗಳನ್ನು ಸರದಿಯ ಮೇಲೆ ಎಲ್ಲರಿಗೂ ಹಂಚಿ, ಪ್ರತಿಯೊಬ್ಬರಿಗೂ ಅವರ ಸೆಕ್ಷನ್ನಿನಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ಒಂದು ಟ್ರಿಪ್ ಸಿಗುವಂತೆ ನೋಡಿ. ವೈದ್ಯಕೀಯ ತಪಾಸಣೆ, ರಿಫ್ರೆಶರ್ ಕೋರ್ಸ್ ಗಡುವು ವಿಸ್ತರಿಸುವುದಾದರೆ ಎಲ್ಲರಿಗೂ ಒಂದೇ ಹೊಸ ತಾರೀಖು ಕೊಡಬೇಡಿ.

ರನ್ನಿಂಗ್ ರೂಮ್: ಒಂದು ಕೋಣೆಗೆ ಒಬ್ಬರು, ಒಬ್ಬರು ಎದ್ದ ಹಾಸಿಗೆಗೆ ಹಾಸು ಬದಲಿಸದೆ ಇನ್ನೊಬ್ಬರು ಇಲ್ಲ, ಊಟ ಕೋಣೆಗೇ. ಜಾಗ ಸಾಲದಿದ್ದರೆ ಹೋಗಿ ಬಂದು ಅದೇ ಪಾಳಿಯಲ್ಲಿ ಮನೆ ಸೇರುವ ಹಾಗೆ ಲಿಂಕ್ ಬದಲಿಸಿ.

ಹಣದ ಮಾತನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಓಡಿಸಿದ ಕಿಲೋಮೀಟರ್ ಮೇಲೆ ಭತ್ಯೆ ಇರುವ ಕಡೆ ರೈಲು ನಿಂತರೆ ಆದಾಯದ ದೊಡ್ಡ ಪಾಲು ನಿಲ್ಲುತ್ತದೆ. ಶುಚಿಗೊಳಿಸುವ ಗುತ್ತಿಗೆ ಕೆಲಸಗಾರರಿಗೆ ಇಡೀ ದಿನಗೂಲಿಯೇ ನಿಲ್ಲುತ್ತದೆ. ಜ್ವರ ಬಂದಿದೆ ಅಂತ ಹೇಳಿದರೆ ಸಂಬಳ ಹೋಗುವುದಾದರೆ ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರೆ, ಉಷ್ಣಮಾಪಕ ಅವರನ್ನು ಹಿಡಿಯುವುದಿಲ್ಲ. ಪ್ರತ್ಯೇಕವಾಸದ ದಿನಗಳಿಗೆ ಪೂರ್ತಿ ಸಂಬಳ, ಗುತ್ತಿಗೆಯವರಿಗೂ ಸೇರಿ, ಎಂಬ ಒಂದು ಆದೇಶ ಸಾವಿರ ಲೀಟರ್ ಸ್ಯಾನಿಟೈಸರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. 2021ರ ಮೇ ಹೊತ್ತಿಗೆ ಭಾರತೀಯ ರೈಲ್ವೆ 1,900ಕ್ಕೂ ಹೆಚ್ಚು ನೌಕರರನ್ನು ಕೋವಿಡ್‌ನಿಂದ ಕಳೆದುಕೊಂಡಿತ್ತು. ನ್ಯೂಯಾರ್ಕ್‌ನ ಸಾರಿಗೆ ಸಂಸ್ಥೆ ಎಂಟಿಎ 2020ರ ಮೊದಲ ಅಲೆಯಲ್ಲೇ ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಯೋಜನೆ ಬರೆಯುವಾಗ ಈ ಸಂಖ್ಯೆಗಳು ಕಣ್ಣ ಮುಂದಿರಲಿ.

ಟ್ರ್ಯಾಕ್‌ಸರ್ಕ್ಯೂಟ್ ಉತ್ತರ:

ಹಳಿಯ ಬಗ್ಗೆ ಕೇಳಿದ್ದೀರಿ. ಓಡಾಟ ನಿಂತ ಹಳಿ ಸುರಕ್ಷಿತ ಹಳಿ ಅಂತ ಬಹಳ ಜನ ನಂಬುತ್ತಾರೆ. ಸಿಗ್ನಲ್ ದೃಷ್ಟಿಯಿಂದ ಅದು ಉಲ್ಟಾ.

ಟ್ರ್ಯಾಕ್ ಸರ್ಕ್ಯೂಟ್ (ಹಳಿಯ ಮೇಲೆ ರೈಲಿದೆಯೇ ಎಂದು ತಿಳಿಸುವ ವಿದ್ಯುತ್ ವ್ಯವಸ್ಥೆ) ಕೆಲಸ ಮಾಡುವುದು ಚಕ್ರ ಮತ್ತು ಆಕ್ಸಲ್ ಎರಡು ಹಳಿಗಳನ್ನು ಶಾರ್ಟ್ ಮಾಡಿ ರಿಲೇ (ವಿದ್ಯುತ್ ಸ್ವಿಚ್) ಕೆಳಗೆ ಬೀಳಿಸುವುದರಿಂದ. ಡಿಸಿ ಟ್ರ್ಯಾಕ್ ಸರ್ಕ್ಯೂಟಿನಲ್ಲಿ 0.5 ಓಮ್ ಶಂಟ್ (ಎರಡೂ ಹಳಿಗಳನ್ನು ಜೋಡಿಸುವ ಪ್ರತಿರೋಧ) ಇಟ್ಟರೂ ರಿಲೇ ಬೀಳಬೇಕು ಎಂಬುದು ಸಾಮಾನ್ಯ ಅಳತೆ. ಹಳಿಯ ಮೇಲ್ಮೈಗೆ ತುಕ್ಕಿನ ಪದರ ಬಂದರೆ ಚಕ್ರಕ್ಕೂ ಹಳಿಗೂ ನಡುವೆ ಪ್ರತಿರೋಧ ಅದಕ್ಕಿಂತ ಹೆಚ್ಚುತ್ತದೆ, ರಿಲೇ ಬೀಳುವುದಿಲ್ಲ. ರೈಲು ಲೈನಿನ ಮೇಲೆ ನಿಂತಿರುತ್ತದೆ, ಪ್ಯಾನೆಲ್ ಮಾತ್ರ ‘ಖಾಲಿ’ ಅನ್ನುತ್ತದೆ. ಒದ್ದೆ ಹವೆಯಲ್ಲಿ ಎರಡು ಮೂರು ದಿನ ಸಾಕು ಹಳಿ ಕೆಂಪಗಾಗಲು. ಹಗುರವಾದ ರೈಲ್‌ಕಾರ್, ಒಂಟಿ ಎಂಜಿನ್, ತಪಾಸಣಾ ವಾಹನ ಇವು ಹೆಚ್ಚು ಅಪಾಯ, ಏಕೆಂದರೆ ಪದರ ಒಡೆಯುವಷ್ಟು ಭಾರ ಅಥವಾ ಅಷ್ಟು ಆಕ್ಸಲ್‌ಗಳು ಅವಕ್ಕಿಲ್ಲ.

ಪರಿಹಾರ ಕಷ್ಟದ್ದಲ್ಲ, ಮರೆಯಬಾರದು ಅಷ್ಟೇ. ಲೂಪ್ ಲೈನ್ (ಮೇನ್ ಲೈನಿನ ಪಕ್ಕದ ಹಳಿ), ಕ್ರಾಸ್‌ಓವರ್ (ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಜೋಡಣೆ), ಬೇ ಪ್ಲಾಟ್‌ಫಾರ್ಮ್ (ಹಳಿ ಅಲ್ಲೇ ಮುಗಿಯುವ ಪ್ಲಾಟ್‌ಫಾರ್ಮ್) ಸೇರಿ ಪ್ರತಿ ಲೈನಿನ ಮೇಲೂ ವಾರಕ್ಕೆ ಎರಡು ಸಲವಾದರೂ ಭಾರದ ಗೂಡ್ಸ್ ಅಥವಾ ಜೋಡಿ ಎಂಜಿನ್ ಓಡಿಸಿ. ಗೂಡ್ಸ್ ಎಲ್ಲವನ್ನೂ ಮೇನ್ ಲೈನಿನಲ್ಲೇ ಕಳಿಸುವ ಅಭ್ಯಾಸ ಬೇಡ, ಸರದಿಯ ಮೇಲೆ ಲೂಪಿಗೂ ಹಾಕಿ. ತುಕ್ಕು ಹಿಡಿದ ಲೈನಿಗೆ ಮೊದಲ ರೈಲನ್ನು ತೆಗೆದುಕೊಂಡಾಗ ಪ್ಯಾನೆಲ್ ಸೂಚನೆಯನ್ನು ನಂಬದೆ, ಕೊನೆಯ ವಾಹನದ ಗುರುತನ್ನು ಕಣ್ಣಾರೆ ನೋಡಿ, ಬಟನ್‌ಗೆ ಕಾಲರ್ (ಒತ್ತದಂತೆ ತಡೆಯುವ ಮುಚ್ಚಳ) ಹಾಕಿಯೇ ಮುಂದಿನ ಕೆಲಸ. ಆಕ್ಸಲ್ ಕೌಂಟರ್ (ದಾಟಿದ ಆಕ್ಸಲ್‌ಗಳನ್ನು ಎಣಿಸುವ ಸಾಧನ) ಇರುವ ಕಡೆ ತುಕ್ಕಿನ ಚಿಂತೆ ಇಲ್ಲ.

ಪಾಯಿಂಟ್‌ಗಳನ್ನು (ರೈಲು ಹಳಿ ಬದಲಿಸುವ ಜಾಗ) ದಿನಕ್ಕೊಮ್ಮೆ ನಾರ್ಮಲ್, ರಿವರ್ಸ್ ಎರಡೂ ಕಡೆ ತಿರುಗಿಸಿ. ಸ್ಲೈಡ್ ಚೇರ್‌ನ (ಪಾಯಿಂಟ್ ಜಾರುವ ತಟ್ಟೆ) ಎಣ್ಣೆ ದೂಳು ಹಿಡಿದು ಗಟ್ಟಿಯಾದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಕ್ಲಚ್ ಜಾರುತ್ತದೆ. ಓವರ್‌ಹೆಡ್ ತಂತಿಯಲ್ಲಿ ವಿದ್ಯುತ್ ಆಫ್ ಮಾಡಬೇಡಿ, ಕರೆಂಟ್ ಇಲ್ಲದ ತಾಮ್ರ ಕಳ್ಳತನವಾಗುತ್ತದೆ. ಲೆವೆಲ್ ಕ್ರಾಸಿಂಗ್ ಬಗ್ಗೆ ವಿಶೇಷ ಗಮನ ಬೇಕು: ವಾರಗಟ್ಟಲೆ ರೈಲು ಕಾಣದ ಜನ ಹಳಿಯ ಮೇಲೆ ನಡೆಯಲು, ದನ ಕಟ್ಟಲು ಶುರುಮಾಡುತ್ತಾರೆ. ಸಂಚಾರ ಶುರುವಾಗುವ ಮೊದಲು ಸುತ್ತಲಿನವರಿಗೆ ಸಾರಿ ಹೇಳಿ, ಮೊದಲ ದಿನಗಳಲ್ಲಿ ವೇಗ ತಗ್ಗಿಸಿ, ಹಾರ್ನ್ ಹೆಚ್ಚಿಸಿ.

ಸಂಚಾರ ಕಡಿಮೆ ಇರುವ ಕಾಲವನ್ನು ಹಳಿ ಕೆಲಸಕ್ಕೆ ಬಳಸಿಕೊಳ್ಳಿ. ಭಾರತದಲ್ಲಿ 2020ರ ಲಾಕ್‌ಡೌನ್‌ನಲ್ಲಿ ವರ್ಷಗಳಿಂದ ಬ್ಲಾಕ್ (ಸಂಚಾರ ನಿಲ್ಲಿಸಿ ಕೆಲಸಕ್ಕೆ ಬಿಡುವ ಸಮಯ) ಸಿಗದೆ ಉಳಿದಿದ್ದ ಸುಮಾರು 200 ಸೇತುವೆ, ಯಾರ್ಡ್, ಹಳಿ ಕೆಲಸಗಳನ್ನು ಮುಗಿಸಿದರು. ಗ್ಯಾಂಗ್‌ಗಳನ್ನು ಸಣ್ಣ ಸಣ್ಣ ತಂಡ ಮಾಡಿ. ಎಲ್ಲರನ್ನೂ ಒಂದೇ ಲಾರಿಯಲ್ಲಿ ತುಂಬಿಸಿ ಕರೆದೊಯ್ಯಬೇಡಿ. ಬಯಲಿನ ಕೆಲಸಕ್ಕಿಂತ ಆ ಲಾರಿ ಪ್ರಯಾಣದಲ್ಲೇ ಸೋಂಕು ಹರಡುವುದು.

ಪಿಟ್‌ಲೈನ್ ಉತ್ತರ:

ನಿಂತ ರೇಕಿನ ವಿಷಯಕ್ಕೆ ಬರೋಣ. ಮೊದಲು ಅದು ಉರುಳದಂತೆ ಕಟ್ಟಿಹಾಕಿ. ಏರ್ ಬ್ರೇಕ್ ಗಾಳಿ ಕೆಲವೇ ಗಂಟೆಗಳಲ್ಲಿ ಸೋರಿ ಬ್ರೇಕ್ ಬಿಟ್ಟುಹೋಗುತ್ತದೆ, ಅದನ್ನು ನಂಬಬಾರದು. ಹ್ಯಾಂಡ್‌ಬ್ರೇಕ್ ಬಿಗಿದು, ಎರಡೂ ತುದಿಯಲ್ಲಿ ಮರದ ಬೆಣೆ ಕೊಟ್ಟು, ಚಕ್ರಕ್ಕೂ ಹಳಿಗೂ ಸರಪಳಿ ಸುತ್ತಿ ಬೀಗ. ಬೀಗದ ಕೀಲಿ ಸ್ಟೇಷನ್ ಮಾಸ್ಟರ್ ಬಳಿ, ಪ್ಯಾನೆಲ್ ಮೇಲೆ ಕಾಲರ್. ಪ್ರತಿ ಪಾಳಿಯಲ್ಲೂ ಒಮ್ಮೆ ನೋಡಿ ಬರಬೇಕು.

ಬ್ಯಾಟರಿ. ದೀಪ, ಫ್ಯಾನ್ ಆಫ್ ಮಾಡಿದರೆ ಸಾಲದು, ಫ್ಯೂಸ್ ತೆಗೆದು ಪೂರ್ತಿ ಬೇರ್ಪಡಿಸಿ. ಸಣ್ಣ ಸಣ್ಣ ಎಲೆಕ್ಟ್ರಾನಿಕ್ ಲೋಡ್‌ಗಳೇ ಎರಡು ವಾರದಲ್ಲಿ ಬ್ಯಾಟರಿ ಬರಿದು ಮಾಡುತ್ತವೆ. ಲೆಡ್ ಆಸಿಡ್ ಸೆಲ್ 1.8 ವೋಲ್ಟ್‌ಗಿಂತ ಕೆಳಗೆ ಹೋಗಿ ಹಾಗೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಚಾರ್ಜ್ ಕಡ್ಡಾಯ. ರೇಕನ್ನು ಹದಿನೈದು ದಿನಕ್ಕೊಮ್ಮೆ ಚಕ್ರ ಕೆಲವು ಸುತ್ತು ಉರುಳುವಷ್ಟು ಮುಂದಕ್ಕೆ ಹಿಂದಕ್ಕೆ ಎಳೆಯಿರಿ. ರೋಲರ್ ಬೇರಿಂಗ್ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತರೆ ಗ್ರೀಸ್ ಇಳಿದುಹೋಗಿ, ಪಕ್ಕದ ಲೈನಿನ ರೈಲುಗಳ ಅದುರಿಗೆ ರೇಸ್ (ರೋಲರ್ ಉರುಳುವ ಬಳೆ) ಮೇಲೆ ಗುಳಿ ಬೀಳುತ್ತದೆ. ಇಲಿಗಳು ಕೇಬಲ್ ಕಡಿಯುವುದನ್ನೂ ಲೆಕ್ಕಕ್ಕಿಡಿ, ಪ್ಯಾಂಟ್ರಿಯಲ್ಲಿ ಒಂದು ತುಣುಕು ಆಹಾರವೂ ಉಳಿಯಬಾರದು.

ನೀರಿನ ಟ್ಯಾಂಕನ್ನು ಖಾಲಿ ಮಾಡಿ ನಿಲ್ಲಿಸಿ. ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬಿಸಿಲಲ್ಲಿ ನಿಂತ ಬೋಗಿಯಲ್ಲಿ ಯಾವಾಗಲೂ ಅಷ್ಟೇ ಉಷ್ಣಾಂಶ. ಮತ್ತೆ ಓಡಿಸುವ ಮೊದಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬರುವಂತೆ (1,000 ಲೀಟರ್ ನೀರಿಗೆ ಶೇ 5ರ ಹೈಪೋಕ್ಲೋರೈಟ್ ಬ್ಲೀಚ್ 1 ಲೀಟರ್) ತುಂಬಿ ಒಂದು ಗಂಟೆ ಬಿಟ್ಟು, ಹೊರಗೆ ಹರಿಸಿ, ಒಳ್ಳೆಯ ನೀರಲ್ಲಿ ತೊಳೆಯಿರಿ. ಈ ಕ್ಲೋರಿನ್ ನೀರನ್ನು ಟ್ಯಾಂಕಿನ ಡ್ರೇನ್ ವಾಲ್ವ್‌ನಿಂದ ಬಿಡಿ, ಕಮೋಡ್ ಫ್ಲಶ್ ಮೂಲಕ ಬಿಡಬೇಡಿ. ಬಯೋ ಟಾಯ್ಲೆಟ್ ಇದ್ದರೆ ಅದರ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ.

ಇಲ್ಲೇ ಎಲ್ಲರೂ ಎಡವುವುದು. ಸೋಂಕು ನಿವಾರಣೆ ಅಂತ ಕಮೋಡಿಗೆ ದಿನಕ್ಕೆ ನಾಲ್ಕು ಸಲ ಬ್ಲೀಚ್, ಫಿನಾಯಿಲ್ ಸುರಿಯುತ್ತಾರೆ. ಎರಡು ವಾರಕ್ಕೆ ಟ್ಯಾಂಕ್ ಕೆಲಸ ನಿಲ್ಲಿಸುತ್ತದೆ, ದುರ್ವಾಸನೆ ಬರುತ್ತದೆ, ವಾಸನೆಗೆ ಇನ್ನಷ್ಟು ಫಿನಾಯಿಲ್. ಕಮೋಡಿನ ಒಳಗೆ ಬಯೋ ಟಾಯ್ಲೆಟ್‌ಗೆ ಒಪ್ಪುವ ಕ್ಲೀನರ್ ಮಾತ್ರ. ಬ್ಲೀಚ್ ಬಾಗಿಲ ಹಿಡಿ, ನಲ್ಲಿ, ನೆಲಕ್ಕೆ. ತಿಂಗಳುಗಟ್ಟಲೆ ನಿಂತ ಬೋಗಿಗೆ ಇನಾಕ್ಯುಲಮ್ (ಟ್ಯಾಂಕಿನ ಬ್ಯಾಕ್ಟೀರಿಯಾ ಮಿಶ್ರಣ) ಮತ್ತೆ ಹಾಕಬೇಕಾಗಬಹುದು.

ದ್ರಾವಣದ ಲೆಕ್ಕ: ಸಾಮಾನ್ಯ ಮೇಲ್ಮೈಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಶೇ 0.1ರ ಹೈಪೋಕ್ಲೋರೈಟ್. ಶೇ 5ರದ್ದು 200 ಮಿ.ಲೀ., ನೀರು 9.8 ಲೀಟರ್, ಒಟ್ಟು 10 ಲೀಟರ್. ಮೊದಲು ಕೊಳೆ ತೊಳೆಯಿರಿ, ಕೊಳೆಯ ಮೇಲೆ ಕ್ಲೋರಿನ್ ಕೆಲಸ ಮಾಡದು. ಬಟ್ಟೆಯಲ್ಲಿ ಹಚ್ಚಿ ಕನಿಷ್ಠ ಒಂದು ನಿಮಿಷ ಒದ್ದೆಯಾಗಿ ಬಿಟ್ಟು, ಸ್ಟೀಲ್ ಭಾಗಗಳನ್ನು ನೀರಲ್ಲಿ ಒರೆಸಿ, ಇಲ್ಲದಿದ್ದರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ದ್ರಾವಣ ದಿನವೂ ಹೊಸದು. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಇಕ್ಕಟ್ಟಿನ ಶೌಚಾಲಯದೊಳಗೆ ಅದು ಪ್ರಾಣಾಂತಿಕ. ಪ್ಯಾನೆಲ್, ಕೀಬೋರ್ಡ್, ಕ್ಯಾಬ್ ಡೆಸ್ಕ್‌ಗೆ ಶೇ 70ರ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸುವುದು, ನೇರ ಸಿಂಪಡಿಸುವುದಲ್ಲ. ಪಾಲಿಕಾರ್ಬೊನೇಟ್ ಗಾಜಿಗೆ ಪದೇಪದೇ ಆಲ್ಕೋಹಾಲ್ ಹಚ್ಚಿದರೆ ಕೂದಲೆಳೆಯ ಬಿರುಕು ಬರುತ್ತದೆ, ಅದಕ್ಕೆ ಸೋಪು ನೀರು ಸಾಕು.

ಗಾಳಿದಾರಿ ಉತ್ತರ:

ಪಿಟ್‌ಲೈನ್ ಅವರು ಹೇಳಿದ ಪ್ರಮಾಣಗಳೆಲ್ಲ ಸರಿ. ಆದರೆ ಉಸಿರಿನಿಂದ ಹರಡುವ ರೋಗದಲ್ಲಿ ಒರೆಸುವುದಕ್ಕೆ ಕೊಡುವ ಮಹತ್ವ ಗಾಳಿಗೆ ಕೊಡದಿದ್ದರೆ ಶ್ರಮ ವ್ಯರ್ಥ. ಚೀನಾದ ಹೈಸ್ಪೀಡ್ ರೈಲುಗಳ ಪ್ರಯಾಣಿಕರ ಮೇಲೆ 2020ರಲ್ಲಿ ಬಂದ ಅಧ್ಯಯನದಲ್ಲಿ, ಸೋಂಕಿತರ ಪಕ್ಕದ ಸೀಟಿನಲ್ಲೇ ಕುಳಿತವರಲ್ಲಿ ಸರಾಸರಿ ಶೇ 3.5ರಷ್ಟು ಜನರಿಗೆ ಸೋಂಕು ತಗುಲಿತ್ತು, ಅದೇ ಸಾಲಿನವರಲ್ಲಿ ಶೇ 1.5. ಜೊತೆಗೆ ಕುಳಿತ ಗಂಟೆಗಳು ಹೆಚ್ಚಿದಂತೆ ಅಪಾಯವೂ ಏರಿತ್ತು. ಸೋಂಕಿತರು ಎದ್ದುಹೋದ ಸೀಟಿನಲ್ಲಿ ಆಮೇಲೆ ಕುಳಿತವರಲ್ಲಿ ಮಾತ್ರ ಅದು ಶೇ 0.1ಕ್ಕಿಂತಲೂ ಕಡಿಮೆ. ಬೋಗಿಯೊಳಗೆ ಹೊಗೆಯಂತೆ ದ್ರಾವಣ ಸಿಂಪಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಬೇಡವೆಂದಿತ್ತು. ಆ ಸಿಬ್ಬಂದಿಯನ್ನು ಕಿಟಕಿ, ಡ್ಯಾಂಪರ್ (ಹೊರಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ), ಫಿಲ್ಟರ್ ಕೆಲಸಕ್ಕೆ ಹಾಕಿ.

ಎಸಿ ಬೋಗಿಯಲ್ಲಿ ಹೊರಗಾಳಿಯ ಡ್ಯಾಂಪರ್ ಪೂರ್ತಿ ತೆರೆದರೆ ಬಿಸಿಲ ಹೊತ್ತು ಯಂತ್ರಕ್ಕೆ ತಂಪು ಮಾಡಲಾಗುವುದಿಲ್ಲ. ಒಳಗಿನ ಉಷ್ಣಾಂಶವನ್ನು ಒಂದೆರಡು ಡಿಗ್ರಿ ಮೇಲಿಡಿ, ಪ್ರಯಾಣಿಕರಿಗೆ ಕಾರಣ ಹೇಳಿ. ದಪ್ಪ ಫಿಲ್ಟರ್ ಹಾಕುವ ಮೊದಲು ಬ್ಲೋವರ್‌ನ ಶಕ್ತಿ ನೋಡಿ. ಗಾಳಿಯ ಹರಿವು ಕುಗ್ಗಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಇದ್ದ ಗಾಳಿಯೂ ನಿಲ್ಲುತ್ತದೆ. ಅಗ್ಗದ ಕಾರ್ಬನ್ ಡೈ ಆಕ್ಸೈಡ್ ಮೀಟರ್ ಒಂದನ್ನು ಕಂಟ್ರೋಲ್ ಕೋಣೆ, ಲಾಬಿ, ರನ್ನಿಂಗ್ ರೂಮ್, ಬೋಗಿಗಳಲ್ಲಿ ಇಟ್ಟು ನೋಡಿ. ಹೊರಗಾಳಿಯಲ್ಲಿ 420 ಪಿಪಿಎಂ ಆಸುಪಾಸು ಇರುತ್ತದೆ. ಒಳಗೆ 800ರ ಕೆಳಗಿದ್ದರೆ ಒಳ್ಳೆಯದು, 1,500ರ ಮೇಲೇ ನಿಂತರೆ ಆ ಕೋಣೆಯಲ್ಲಿ ಜನ ಕಡಿಮೆ ಮಾಡಿ. ಹೆಚ್ಚಿನ ಕಡೆ ಅತಿ ಕೆಟ್ಟ ಅಂಕಿ ಬರುವುದು ಸಿಬ್ಬಂದಿಯ ಊಟದ ಕೋಣೆಯಲ್ಲಿ. ಎಲ್ಲರೂ ಮಾಸ್ಕ್ ತೆಗೆಯುವ ಜಾಗವೂ ಅದೇ.

ಹಸಿರುನಿಶಾನೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಹುದ್ದೆವಾರು ಕೋಷ್ಟಕ ಈ ವಾರವೇ ಶುರುವಾಗುತ್ತದೆ. ಎರಡು ಅನುಮಾನ ಉಳಿದಿವೆ. ಪ್ರಯಾಣಿಕರ ರೈಲು ನಿಂತಾಗ ಗೂಡ್ಸ್‌ಗೆ ಏನಾಗುತ್ತದೆ? ದೊಡ್ಡ ಸಂಖ್ಯೆಯ ಜನರನ್ನು ಊರಿಗೆ ಸೇರಿಸುವ ವಿಶೇಷ ರೈಲುಗಳನ್ನು ಏಕಾಏಕಿ ಓಡಿಸಬೇಕಾಗಿ ಬಂದರೆ ಯಾವುದನ್ನು ಮೊದಲು ನೋಡಬೇಕು?

ಕಂಟ್ರೋಲ್‌ಬೋರ್ಡ್:

ಗೂಡ್ಸ್‌ಗೆ ಲೈನ್ ಖಾಲಿ ಸಿಗುತ್ತದೆ. ಭಾರತದಲ್ಲಿ ಗೂಡ್ಸ್ ರೈಲುಗಳ ಸರಾಸರಿ ವೇಗ ಗಂಟೆಗೆ ಸುಮಾರು 23 ಕಿ.ಮೀ.ನಿಂದ 2020ರ ಜುಲೈ ಹೊತ್ತಿಗೆ 45ರ ಆಸುಪಾಸಿಗೆ ಏರಿತು. ಅಡಚಣೆ ಬರುವುದು ಇಳಿಸುವ ಕಡೆ. ಗೂಡ್ಸ್ ಶೆಡ್ಡಿನಲ್ಲಿ ಹಮಾಲರಿಲ್ಲ, ಲಾರಿಗಳಿಲ್ಲ, ಸರಕು ಪಡೆಯಬೇಕಾದ ಕಾರ್ಖಾನೆಗೆ ಬೀಗ. ರೇಕುಗಳು ಅಲ್ಲೇ ಸಾಲುಗಟ್ಟಿ, ತುಂಬಿಸುವ ಕಡೆ ಖಾಲಿ ವ್ಯಾಗನ್ ಸಿಗದಂತಾಗುತ್ತದೆ. ಹಾಗಾಗಿ ಇಳಿಸುವ ಕಡೆಯಿಂದ ಒಪ್ಪಿಗೆ ಬಂದ ಮೇಲೆಯೇ ತುಂಬಿಸಿ. ಔಷಧಿ, ಹಾಲು, ಧಾನ್ಯದಂಥ ಸಣ್ಣ ಸರಕಿಗೆ ವೇಳಾಪಟ್ಟಿ ಇರುವ ಪಾರ್ಸೆಲ್ ರೈಲು ಓಡಿಸಿ, ಹೊತ್ತು ಗೊತ್ತಿದ್ದರೆ ತರುವವರು ತರುತ್ತಾರೆ.

ವಿಶೇಷ ರೈಲುಗಳ ವಿಷಯದಲ್ಲಿ ಹೊರಡುವ ನಿಲ್ದಾಣವನ್ನಲ್ಲ, ತಲುಪುವ ನಿಲ್ದಾಣವನ್ನು ಮೊದಲು ನೋಡಿ. 2020ರ ಮೇ 1ರಿಂದ ಭಾರತದಲ್ಲಿ 4,600ಕ್ಕೂ ಹೆಚ್ಚು ಶ್ರಮಿಕ್ ವಿಶೇಷ ರೈಲುಗಳು ಸುಮಾರು 63 ಲಕ್ಷ ಜನರನ್ನು ಊರು ಸೇರಿಸಿದವು. ಆದರೆ ಬಹುಪಾಲು ರೈಲುಗಳು ಉತ್ತರಪ್ರದೇಶ, ಬಿಹಾರ ಎರಡೇ ರಾಜ್ಯಗಳ ಕಡೆ ಹೊರಟಿದ್ದರಿಂದ ಮೇ ಕೊನೆಯ ಭಾಗದಲ್ಲಿ ದಾರಿಗಳು ಕಿಕ್ಕಿರಿದು, ಹಲವು ರೈಲುಗಳನ್ನು ಸುತ್ತುಬಳಸಿನ ಮಾರ್ಗದಲ್ಲಿ ಕಳಿಸಬೇಕಾಯಿತು, ಒಳಗಿದ್ದವರು ಬೇಸಿಗೆಯಲ್ಲಿ ಅನ್ನ ನೀರಿಲ್ಲದೆ ಬಹಳ ಕಷ್ಟಪಟ್ಟರು. ಲೆಕ್ಕ ಹಾಕಿ: ಒಂದು ರೈಲಿನಲ್ಲಿ 1,200 ಜನ, ತಲುಪಿದ ಕಡೆ ಆರು ತಪಾಸಣಾ ಮೇಜು, ಒಬ್ಬರಿಗೆ 30 ಸೆಕೆಂಡ್. 100 ನಿಮಿಷ ಆ ಪ್ಲಾಟ್‌ಫಾರ್ಮ್ ಸಿಗದು. ಅಂಥ ಎರಡೇ ಪ್ಲಾಟ್‌ಫಾರ್ಮ್ ಇದ್ದರೆ, ರೇಕು ತೆಗೆಯುವ ಹೊತ್ತೂ ಸೇರಿ ಎರಡು ಗಂಟೆಗೆ ಎರಡು ರೈಲು, ದಿನಕ್ಕೆ 24. ಇಪ್ಪತ್ತೈದನೆಯದನ್ನು ಹೊರಡಿಸಬೇಡಿ. ಅದು ದಾರಿಯಲ್ಲಿ ಯಾವುದೋ ಲೂಪ್ ಲೈನಿನಲ್ಲಿ ಜನರ ಸಮೇತ ನಿಲ್ಲುತ್ತದೆ. ಮೇಜುಗಳನ್ನು ಹನ್ನೆರಡು ಮಾಡಿಸಿ, ಇಲ್ಲವೇ ಪಕ್ಕದ ಎರಡು ಮೂರು ನಿಲ್ದಾಣಗಳಿಗೆ ಹಂಚಿ. ಪ್ರತಿ ನಾಲ್ಕು ಗಂಟೆಗೊಮ್ಮೆ ನೀರು ತುಂಬಿಸುವ ನಿಲ್ದಾಣ ಯಾವುದು ಅಂತ ಹೊರಡುವ ಮೊದಲೇ ಬರೆದಿಡಿ. ಮಾರ್ಗ ಬದಲಿಸಿದರೆ ಆ ಪಟ್ಟಿಯೂ ಬದಲಾಗಬೇಕು, ಬದಲಿ ಮಾರ್ಗ ಬಲ್ಲ ಲೋಕೋ ಪೈಲಟ್ ಎಲ್ಲಿ ಹತ್ತುತ್ತಾರೆ ಎಂಬುದೂ ಅದರಲ್ಲೇ ಇರಲಿ.